‘ಓಡಾಡಿಕೊಂಡಿದ್ದೇನಲ್ಲ, ನನಗೇನಾಗಿದೆ?’

2025ರ ಜುಲೈ ಮೊದಲ ವಾರ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಜನ ಸಾಲುಗಟ್ಟಿ ನಿಂತಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಹಗಲಿರುಳು ಹರಿದಾಡುತ್ತಿತ್ತು. ಸತ್ತವರಲ್ಲಿ ಹರೆಯದವರೂ ಇದ್ದರು. ಸಾಲಿನಲ್ಲಿ ನಿಂತವರಲ್ಲಿ ಬಹಳ ಮಂದಿಗೆ ಎದೆನೋವು ಇರಲಿಲ್ಲ, ಉಸಿರಾಟದ ತೊಂದರೆಯೂ ಇರಲಿಲ್ಲ. ಇದ್ದದ್ದು ಭಯ. ಗಾಬರಿಪಡಬೇಡಿ, ಹತ್ತಿರದ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳಿ ಎಂದು ವೈದ್ಯರು ಮತ್ತೆ ಮತ್ತೆ ಕೇಳಿಕೊಳ್ಳಬೇಕಾಯಿತು. ಆಮೇಲೆ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಲೆಕ್ಕ ಹಾಕಿ ನೋಡಿ, ಹಿಂದಿನ ದಿನಗಳಿಗೆ ಹೋಲಿಸಿದರೆ ಹಾಸನದಲ್ಲಿ ಅಸಹಜ ಏರಿಕೆ ಏನೂ ಆಗಿಲ್ಲ ಎಂದು ವರದಿ ಕೊಟ್ಟಿತು.

ಇಂಥದೇ ಸಾಲನ್ನು ನಾವು ಮೊದಲೂ ನೋಡಿದ್ದೆವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ಹೋದಾಗ, ಮರುದಿನದಿಂದಲೇ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳಿಗೆ ಜನ ಮುಗಿಬಿದ್ದಿದ್ದರು. ದಿನವೂ ವ್ಯಾಯಾಮ ಮಾಡುತ್ತಿದ್ದ ಅಪ್ಪುವಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಪ್ರಶ್ನೆ ಪ್ರತಿ ಮನೆಯ ಜಗಲಿಯಲ್ಲೂ ಕೇಳಿಬರುತ್ತಿತ್ತು.

ಈ ಎರಡು ಸಾಲುಗಳ ನಡುವಿನ ಸುಮಾರು ನಾಲ್ಕು ವರ್ಷ ನನ್ನನ್ನು ಕಾಡುತ್ತದೆ. ಭಯ ಜನರನ್ನು ಒಮ್ಮೆ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಇಸಿಜಿ ಸರಿಯಾಗಿದೆ ಎಂದು ಗೊತ್ತಾದ ಮೇಲೆ ಆ ಹಾಳೆ ಬೀರು ಸೇರುತ್ತದೆ. ಹೃದಯಕ್ಕೆ ಕುತ್ತು ತರುವ ದೊಡ್ಡ ಕಾರಣಗಳಲ್ಲೊಂದಾದ ರಕ್ತದೊತ್ತಡ ಮಾತ್ರ ಯಾರ ಗಮನಕ್ಕೂ ಬಾರದೆ ಏರುತ್ತಲೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೈಕೆಳಗೆ 2017-18ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 28.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ತಮಗೆ ಬಿಪಿ ಇದೆ ಎಂದು ಗೊತ್ತಿರುವವರು ಶೇ 27.9. ಔಷಧಿ ತೆಗೆದುಕೊಳ್ಳುತ್ತಿರುವವರು ಶೇ 14.5. ಬಿಪಿ ಹತೋಟಿಯಲ್ಲಿರುವವರು ಶೇ 12.6. ಬಿಪಿ ಇರುವ ನೂರು ಜನರನ್ನು ಒಂದು ಅಂಗಳದಲ್ಲಿ ನಿಲ್ಲಿಸಿದರೆ ಎಪ್ಪತ್ತೆರಡು ಮಂದಿಗೆ ತಮಗೆ ಅದು ಇದೆ ಎಂಬುದೇ ತಿಳಿದಿಲ್ಲ.

ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ, ಉದಾಸೀನ ಹೆಚ್ಚು ಎಂದು ಇದನ್ನು ವಿವರಿಸುವುದು ಸುಲಭ. ಈ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಆರೋಗ್ಯ ನೋಡಿಕೊಳ್ಳುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಅದನ್ನು ಯಾರಿಗೆ, ಯಾವಾಗ, ಎಷ್ಟು ದಿನ ಮಾಡಬೇಕು ಎಂಬ ಲೆಕ್ಕ ನಮ್ಮ ಸಂಸ್ಕೃತಿಯಲ್ಲಿ ಬೇರೆ ಇದೆ. ಆ ಲೆಕ್ಕ ಏನೆಂದು ತಿಳಿಯಲು ಮೊದಲು ನಮ್ಮ ದೊಡ್ಡಮ್ಮನ ಅಡುಗೆಮನೆಗೆ ಹೋಗಬೇಕು.

ದೊಡ್ಡಮ್ಮನ ಊರು ಚನ್ನರಾಯಪಟ್ಟಣದಿಂದ ಒಳಗೆ. ವಯಸ್ಸು ಅರವತ್ತೆರಡು. ಒಲೆಯ ಪಕ್ಕದ ಗೂಡಿನಲ್ಲಿ ಸಾಸಿವೆ ಡಬ್ಬಿಯ ಹಿಂದೆ ಒಂದು ಹಳೆಯ ಬಿಸ್ಕತ್ತು ಡಬ್ಬಿ ಇದೆ. ಅದರಲ್ಲಿ ದೊಡ್ಡಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಗಳು ಬೆಳಗಿನದು, ರಾತ್ರಿಯದು ಎಂದು ಬೇರೆ ಬೇರೆ ಕಟ್ಟಿಟ್ಟಿರುತ್ತವೆ. ಅವರಿಗೆ ಸಕ್ಕರೆ ಇಲ್ಲದ ಕಾಫಿ ಬೇರೆ, ಮುದ್ದೆಯ ಅಳತೆ ಬೇರೆ. ಊಟಕ್ಕೆ ಮೊದಲು ನುಂಗಬೇಕಾದ ಮಾತ್ರೆಯನ್ನು ಈ ಹತ್ತು ವರ್ಷಗಳಲ್ಲಿ ದೊಡ್ಡಮ್ಮ ಒಂದು ದಿನವೂ ಮರೆತಿಲ್ಲ. ಕಳೆದ ಶ್ರಾವಣದಲ್ಲಿ ನಾನು ಹೋಗಿದ್ದಾಗ ಅದೇ ಡಬ್ಬಿಯ ತಳದಲ್ಲಿ ಇನ್ನೊಂದು ಮಾತ್ರೆಯ ಹಾಳೆ ಸಿಕ್ಕಿತು. ಅದು ಅವರದೇ ಬಿಪಿ ಮಾತ್ರೆ. ಹತ್ತರಲ್ಲಿ ಆರು ಹಾಗೆಯೇ ಉಳಿದಿದ್ದವು.

‘ಇದು ನಿಮ್ಮದಲ್ಲವಾ ದೊಡ್ಡಮ್ಮ?’ ಎಂದು ಕೇಳಿದೆ.

‘ಯುಗಾದಿಗೆ ಮುಂಚೆ ಕೊಟ್ಟಿದ್ದರು. ನಾಲ್ಕು ದಿನ ನುಂಗಿದೆ, ತಲೆಸುತ್ತು ನಿಂತಿತು. ಸುಮ್ಮನೆ ಯಾಕೆ ಉಷ್ಣದ ಮಾತ್ರೆ? ಓಡಾಡಿಕೊಂಡಿದ್ದೇನಲ್ಲ, ನನಗೇನಾಗಿದೆ?’ ಎಂದರು.

ಅಮೆರಿಕದಲ್ಲಿರುವ ಮಗ ಕಳಿಸಿದ ಬಿಪಿ ಯಂತ್ರ ಒಳಕೋಣೆಯ ಬೀರುವಿನಲ್ಲಿ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಭದ್ರವಾಗಿತ್ತು.

ದೊಡ್ಡಮ್ಮನ ಆ ಒಂದು ಮಾತಿನಲ್ಲಿ ಆರೋಗ್ಯ ಎಂದರೇನು ಎಂಬ ನಮ್ಮ ವ್ಯಾಖ್ಯಾನ ಪೂರ್ತಿಯಾಗಿ ಅಡಗಿದೆ. ಕಾಯಿಲೆ ಬಿದ್ದವರನ್ನು ನಾವು ‘ಹುಷಾರಿಲ್ಲ’ ಎನ್ನುತ್ತೇವೆ. ಪಾರಸಿಯಿಂದ ಬಂದ ಈ ಪದಕ್ಕೆ ಮೂಲದಲ್ಲಿ ಎಚ್ಚರವಾಗಿರುವುದು ಎಂದರ್ಥ. ಉತ್ತರ ಕರ್ನಾಟಕದವರು ‘ಆರಾಮ ಇಲ್ಲ’ ಎನ್ನುತ್ತಾರೆ. ಅದೂ ಪಾರಸಿಯದೇ, ನೆಮ್ಮದಿ ಎಂಬ ಅರ್ಥದ್ದು. ಮೈ ಎಚ್ಚರವಾಗಿದ್ದು ಕೈಕಾಲು ಆಡುತ್ತಿದ್ದರೆ ಹುಷಾರು. ಮಲಗಿದರೆ ಹುಷಾರಿಲ್ಲ. ಈ ಮಾತಿನೊಳಗೆ, ಒಳಗೊಳಗೇ ಬೆಳೆಯುತ್ತ ಮೈಗೆ ಏನೂ ಗೊತ್ತಾಗಗೊಡದ ಕಾಯಿಲೆಗೆ ಜಾಗವೇ ಇಲ್ಲ. ಹೊಲಕ್ಕೆ ಹೋಗಿ ಕಳೆ ಕಿತ್ತು, ಹಾಲು ಕರೆದು ಡೇರಿಗೆ ಹಾಕಿ ಬಂದ ಹೆಂಗಸಿಗೆ ‘ನಿಮಗೆ ಕಾಯಿಲೆ ಇದೆ’ ಎಂದರೆ ಆಕೆ ನಂಬುವುದು ಯಾವ ಆಧಾರದ ಮೇಲೆ? ಯಂತ್ರದ ಮೇಲೆ ಮೂಡಿದ ಎರಡು ಅಂಕಿಗಳ ಮೇಲೆಯೇ?

ಹಾಗೆಂದು ನಮ್ಮಲ್ಲಿ ಕಾಯಿಲೆಗೆ ಮೊದಲೇ ಮೈ ನೋಡಿಕೊಳ್ಳುವ ಪದ್ಧತಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬಾಣಂತನವನ್ನೇ ನೋಡಿ. ಬಾಣಂತಿ ರೋಗಿಯಲ್ಲ. ಆದರೂ ತವರಿನಲ್ಲಿ ಮೂರು ತಿಂಗಳು, ಕೆಲವು ಕಡೆ ಐದು ತಿಂಗಳು, ಅವಳ ಮೈಯನ್ನು ಒಂದು ದೊಡ್ಡ ಜವಾಬ್ದಾರಿ ಎಂಬಂತೆ ನೋಡಿಕೊಳ್ಳುತ್ತಾರೆ. ಹಂಡೆಯ ತುಂಬ ಬಿಸಿನೀರು ಕಾಯಿಸಿ ಎಣ್ಣೆನೀರು ಹಾಕುತ್ತಾರೆ. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟುತ್ತಾರೆ. ಕಾಳುಮೆಣಸು, ಬೆಳ್ಳುಳ್ಳಿಯ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಬಡಗಣದವರಲ್ಲಿ ಅಂಟಿನುಂಡೆ, ಅಳವಿ ಪಾಯಸ. ಹೊಗೆಕೋಣೆಯಲ್ಲಿ ಮಲಗಿಸುವುದು, ನೀರು ಕುಡಿಯಗೊಡದಿರುವುದು ಮುಂತಾದವನ್ನು ಇಂದಿನ ವೈದ್ಯರು ಸರಿಯಾಗಿಯೇ ಬೇಡ ಎನ್ನುತ್ತಾರೆ. ಆದರೆ ಒಟ್ಟು ವ್ಯವಸ್ಥೆಯ ಹಿಂದಿರುವ ತಿಳಿವು ದೊಡ್ಡದು: ಹೆತ್ತ ಮೈಗೆ ವಿಶ್ರಾಂತಿ ಬೇಕು, ಅದನ್ನು ಅವಳು ಕೇಳಿ ಪಡೆಯಬೇಕಾಗಿಲ್ಲ, ಮನೆಯೇ ಮುಂದೆ ನಿಂತು ಕೊಡಬೇಕು. ಚೀನಾದ ಕುಟುಂಬಗಳಲ್ಲೂ ಹೆರಿಗೆಯ ನಂತರದ ಒಂದು ತಿಂಗಳು ಹೀಗೆಯೇ ಇರುತ್ತದೆ. ‘ತಿಂಗಳು ಕೂರುವುದು’ ಎಂದು ಅದರ ಹೆಸರು. ಅಲ್ಲಿಯೂ ತಣ್ಣೀರು ಮುಟ್ಟುವಂತಿಲ್ಲ, ಗಾಳಿಗೆ ಮೈಯೊಡ್ಡುವಂತಿಲ್ಲ. ಉಷ್ಣ, ಶೀತದ ಲೆಕ್ಕ ಎರಡೂ ಕಡೆ ಇದೆ.

ಬಾಣಂತನದಲ್ಲಿ ಗಮನಿಸಬೇಕಾದದ್ದು ಮೂರು. ಅದನ್ನು ಮಾಡುವವರು ಬೇರೆಯವರು. ಅದಕ್ಕೆ ಕೊನೆಯ ದಿನ ಇದೆ. ಮತ್ತು ಅವಳ ಅಡುಗೆ ಬೇರೆ. ‘ಪಥ್ಯ’ ಎಂಬ ನಮ್ಮ ಅಚ್ಚುಮೆಚ್ಚಿನ ಪದದ ಸ್ವಭಾವವೂ ಇದೇ. ಕಾಮಾಲೆಗೆ ಪಥ್ಯ ಮಾಡಿದರೆ ಅದು ಇಳಿಯುವ ತನಕ. ನಾಟಿ ಔಷಧಿಗೆ ಪಥ್ಯವಿದ್ದರೆ ಮಂಡಲದ ಲೆಕ್ಕ, ನಲವತ್ತೆಂಟು ದಿನ. ಆಮೇಲೆ ಪಥ್ಯ ಬಿಡುತ್ತಾರೆ, ಮೀಯಿಸುತ್ತಾರೆ, ಎಲ್ಲರ ಸಾಲಿನಲ್ಲಿ ಕೂರಿಸಿ ಉಣ್ಣಿಸುತ್ತಾರೆ. ದೊಡ್ಡಮ್ಮ ತಲೆಸುತ್ತು ನಿಂತ ದಿನ ಮಾತ್ರೆ ಬಿಟ್ಟದ್ದು ಉದಾಸೀನದಿಂದಲ್ಲ. ಪಥ್ಯದ ನಿಯಮವನ್ನು ಅವರು ಸರಿಯಾಗಿಯೇ ಪಾಲಿಸಿದರು. ಕೊನೆಯೇ ಇಲ್ಲದ ಪಥ್ಯ ಎಂಬುದೊಂದು ಇದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಆ ದಿನ ಮಾತ್ರೆ ಬರೆದವರಿಗೆ ಒಬ್ಬ ರೋಗಿಗೆ ಎರಡು ನಿಮಿಷ ಕೊಡಲೂ ಪುರುಸೊತ್ತಿರಲಿಲ್ಲ.

ಇನ್ನು ಅಡುಗೆ ಬೇರೆ ಎಂಬ ವಿಚಾರ. ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದರೆ ನಮ್ಮ ಮನೆಗಳಲ್ಲಿ ಆಗುವುದೇನು? ಉಪ್ಪು ಹಾಕುವ ಮೊದಲು ಒಂದು ಲೋಟ ಸಾರನ್ನು ಆ ಒಬ್ಬರಿಗಾಗಿ ಎತ್ತಿಟ್ಟು, ಉಳಿದದ್ದಕ್ಕೆ ಎಂದಿನಂತೆ ಉಪ್ಪು ಹಾಕುತ್ತಾರೆ. ಮಾಡುವವರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಸಪ್ಪೆ ಸಾರು ಮುಂದೆ ಬಂದವನಿಗೆ ತಾನು ಪಂಕ್ತಿಯಿಂದ ಎದ್ದು ಹೋದಂತೆ ಅನಿಸುತ್ತದೆ. ಅದೇ ಮನೆಯ ಸೊಸೆಗೆ ಮೂವತ್ತೈದಕ್ಕೇ ಬಿಪಿ ಶುರುವಾಗಿದ್ದರೆ ಅವಳ ಪಾಲಿಗೆ ಬರುವುದು ಉಪ್ಪು ತುಂಬಿದ ಸಾರೇ.

ಇಲ್ಲಿಂದ ಜಪಾನಿನ ನಾಗಾನೊ ಎಂಬ ಬೆಟ್ಟಗಾಡಿಗೆ ಹೋಗೋಣ. ಜಪಾನಿಗರು ಹುಟ್ಟಿನಿಂದಲೇ ಶಿಸ್ತಿನವರು, ಅವರ ಆಹಾರವೇ ಒಳ್ಳೆಯದು, ಆದ್ದರಿಂದ ದೀರ್ಘಾಯುಷಿಗಳು ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ನಾಗಾನೊದ ಚರಿತ್ರೆ ಈ ಮಾತನ್ನು ಸುಳ್ಳು ಮಾಡುತ್ತದೆ. 1951ರಿಂದ 1980ರವರೆಗೆ ಜಪಾನಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಪಾರ್ಶ್ವವಾಯು. ಅದರಲ್ಲೂ ನಾಗಾನೊದಂಥ ಹಿಮ ಬೀಳುವ ಸೀಮೆಗಳಲ್ಲಿ ಅದರ ಹಾವಳಿ ವಿಪರೀತ. ಚಳಿಗಾಲವಿಡೀ ಉಪ್ಪಿನಲ್ಲಿ ಊರಿಟ್ಟ ಸೊಪ್ಪು, ಸೋಯಾ ಕಾಳನ್ನು ಉಪ್ಪು ಹಾಕಿ ಹುದುಗಿಸಿ ಮಾಡುವ ದಪ್ಪನೆಯ ಮಿಸೊ ಸಾರು, ಚಹಾದ ಜೊತೆಗೂ ಉಪ್ಪಿನಕಾಯಿ. ಮನೆಯೊಳಗೆ ಮಂಜಿನಂಥ ಚಳಿ.

1945ರಲ್ಲಿ, ಯುದ್ಧ ಮುಗಿಯುವ ಕೆಲವೇ ತಿಂಗಳ ಮೊದಲು, ತೋಷಿಕಾಜು ವಕಾತ್ಸುಕಿ ಎಂಬ ಶಸ್ತ್ರವೈದ್ಯ ಟೋಕಿಯೊದಿಂದ ಅಲ್ಲಿನ ಸಾಕು ಎಂಬ ಊರಿನ ಸಣ್ಣ ಆಸ್ಪತ್ರೆಗೆ ಬಂದರು. ಹಳ್ಳಿಗರು ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಲ ಮಿಂಚಿರುತ್ತಿತ್ತು. ಯಾಕೆ ಹೀಗೆ ಎಂದು ಅವರು ಹಳ್ಳಿ ಹಳ್ಳಿಗೆ ಹೋಗಿ ನೋಡಿದರು. ಮರೆಯಲ್ಲಿರುವ ಕಾಯಿಲೆಗಳನ್ನು ಅವರು ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ರೋಗಿಗೇ ಗೊತ್ತಾಗದೆ ಇರುವಂಥದು. ಇನ್ನೊಂದು, ಗೊತ್ತಿದ್ದೂ ತಡೆದುಕೊಂಡಿರುವಂಥದು. ಆ ತಡೆದುಕೊಳ್ಳುವಿಕೆಗೆ ಜಪಾನಿ ಭಾಷೆಯಲ್ಲಿ ‘ಗಮನ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ‘ಗಮನ’ದಂತೆ ಕೇಳಿದರೂ ಅರ್ಥ ಹೆಚ್ಚುಕಡಿಮೆ ತಿರುಗುಮುರುಗು: ಮೈಯ ಕಡೆಗೆ ಗಮನ ಕೊಡದೆ ಸಹಿಸಿಕೊಂಡು ಹೋಗುವುದು. ಹೊಲದ ಕೆಲಸ ನಿಲ್ಲಬಾರದು, ಅತ್ತೆ ಮಾವಂದಿರ ಮುಂದೆ ಸೊಸೆ ಮಲಗಬಾರದು, ವೈದ್ಯರಿಗೆ ಕೊಡಲು ಹಣವಿಲ್ಲ. ಹೀಗೆ ಸಹಿಸಿಕೊಂಡೇ ಇದ್ದು ಒಂದು ದಿನ ಕುಸಿಯುತ್ತಿದ್ದರು. ಇದನ್ನು ಓದಿದಾಗ ನನಗೆ ಚನ್ನರಾಯಪಟ್ಟಣದ ಆ ಬಿಸ್ಕತ್ತು ಡಬ್ಬಿ ಕಣ್ಣಮುಂದೆ ಬಂತು.

ವಕಾತ್ಸುಕಿ ಮಾಡಿದ ಕೆಲಸವನ್ನು ನಮ್ಮ ಆರೋಗ್ಯ ಇಲಾಖೆಯವರೆಲ್ಲ ತಿಳಿದಿರಬೇಕು. ಅವರು ಭಾಷಣ ಕಡಿಮೆ ಮಾಡಿ ನಾಟಕ ಬರೆದರು. ಆಸ್ಪತ್ರೆಯ ದಾದಿಯರು, ವೈದ್ಯರು ಹಗಲು ಹಳ್ಳಿಯಲ್ಲಿ ರೋಗಿಗಳನ್ನು ನೋಡಿ, ಸಂಜೆ ಅಲ್ಲೇ ಬಣ್ಣ ಹಚ್ಚಿ ಆಡುತ್ತಿದ್ದರು. 1959ರಲ್ಲಿ ಯಾಚಿಹೊ ಎಂಬ ಹಳ್ಳಿಯ ಪಂಚಾಯಿತಿಯೊಂದಿಗೆ ಸೇರಿ ಇಡೀ ಊರಿಗೆ ವರ್ಷಕ್ಕೊಮ್ಮೆ ತಪಾಸಣೆ ಶುರು ಮಾಡಿದರು. ಜಪಾನಿನಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಸಿಗುವಂತಾದದ್ದು 1961ರಲ್ಲಿ. ಈ ಹಳ್ಳಿ ಅದಕ್ಕೂ ಎರಡು ವರ್ಷ ಮುಂಚೆ. ಪ್ರತಿಯೊಬ್ಬರ ಕೈಗೂ ಒಂದು ಆರೋಗ್ಯ ಪುಸ್ತಕ ಕೊಟ್ಟು, ಅದರ ಇನ್ನೊಂದು ದಾಖಲೆಯನ್ನು ತಾವು ಇಟ್ಟುಕೊಂಡರು. ಹೊಲದ ಕೆಲಸ ಹಗುರಾದ ಕಾಲದಲ್ಲಿ ಊರಿಗೆ ಊರೇ ಬಂದು ತೋಳು ಚಾಚಿದರೆ, ‘ನನಗೇನಾಗಿದೆ’ ಎನ್ನುವ ಪ್ರಶ್ನೆ ತಾನಾಗಿ ಬಿದ್ದು ಹೋಗುತ್ತದೆ. ಕಾಯಿಲೆ ಇದೆ ಎಂದು ಯಾರೂ ಬರಬೇಕಾಗಿಲ್ಲ, ಎಲ್ಲರೂ ಬರುತ್ತಾರೆ ಎಂದು ಬಂದರೆ ಸಾಕು. ವಕಾತ್ಸುಕಿಯವರಿಗೆ 1976ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇದಕ್ಕಿಂತಲೂ ನನ್ನನ್ನು ಸೆಳೆದದ್ದು ನಾಗಾನೊದ ಹೆಂಗಸರ ಕೆಲಸ. 1940ರ ದಶಕದಲ್ಲಿ ಈಗಿನ ಸುಜಾಕಾ ಊರಿಗೆ ಸೇರಿದ ಒಂದು ಹಳ್ಳಿಯ ಗೃಹಿಣಿಯರು, ಒಬ್ಬಳೇ ಓಡಾಡಿ ಸುಸ್ತಾಗುತ್ತಿದ್ದ ಸರ್ಕಾರಿ ಆರೋಗ್ಯ ದಾದಿಯನ್ನು ನೋಡಲಾರದೆ ಅವಳ ಕೆಲಸಕ್ಕೆ ಕೈಜೋಡಿಸಿದರು. ಅದೇ ಮುಂದೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಓಣಿಗೊಬ್ಬಳು ಆರೋಗ್ಯ ಕಾರ್ಯಕರ್ತೆ, ಎರಡು ವರ್ಷದ ಅವಧಿ, ಆಮೇಲೆ ಪಕ್ಕದ ಮನೆಯವಳ ಸರದಿ. ಎರಡು ವರ್ಷ ಅವಳು ರಕ್ತದೊತ್ತಡ ಅಳೆಯುವುದನ್ನು, ಉಪ್ಪಿನ ಲೆಕ್ಕವನ್ನು ಕಲಿಯುತ್ತಾಳೆ. ಅವಧಿ ಮುಗಿದ ಮೇಲೆ ಆ ತಿಳಿವಳಿಕೆ ಅವಳ ಅಡುಗೆಮನೆಯಲ್ಲೇ ಉಳಿಯುತ್ತದೆ. ಹೀಗೆ ವರ್ಷಗಳು ಉರುಳಿದಂತೆ ಓಣಿಯಲ್ಲಿ ಕಲಿಯದ ಮನೆಗಳೇ ಕಡಿಮೆಯಾಗುತ್ತವೆ. ಈ ಹೆಂಗಸರು ಮನೆಮನೆಗೆ ಹೋಗಿ ಮಿಸೊ ಸಾರಿಗೆ ಉಪ್ಪಳೆಯುವ ಕಡ್ಡಿ ಅದ್ದಿ ನೋಡುತ್ತಿದ್ದರು. ಮನೆಯಲ್ಲಿ ಒಂದಾದರೂ ಬೆಚ್ಚಗಿನ ಕೋಣೆ ಇರಲಿ ಎಂದು ಒತ್ತಾಯಿಸುತ್ತಿದ್ದರು. ಅವರು ಅಳೆಯುತ್ತಿದ್ದದ್ದು ಇಡೀ ಮನೆ ಉಣ್ಣುವ ಸಾರಿನ ಉಪ್ಪನ್ನು, ರೋಗಿಗೆಂದು ಎತ್ತಿಟ್ಟ ಲೋಟದ್ದನ್ನಲ್ಲ. ನಮ್ಮ ಪದ್ಧತಿಗೂ ಅವರದಕ್ಕೂ ಇರುವ ಅಂತರ ಇಷ್ಟೇ, ಆದರೆ ಈ ಅಂತರದಲ್ಲೇ ಎಲ್ಲವೂ ಇದೆ. 2010ರ ಲೆಕ್ಕದಲ್ಲಿ ನಾಗಾನೊದ ಗಂಡಸರ ಸರಾಸರಿ ಆಯುಷ್ಯ 80.88 ವರ್ಷ, ಹೆಂಗಸರದು 87.18. ಎರಡರಲ್ಲೂ ಇಡೀ ಜಪಾನಿನಲ್ಲಿ ನಾಗಾನೊಗೇ ಮೊದಲ ಸ್ಥಾನ.

ಜಪಾನಿನ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಒಂದು ಸುಳ್ಳನ್ನೂ ಇಲ್ಲೇ ಸರಿಪಡಿಸಬೇಕು. ಸೊಂಟದ ಸುತ್ತಳತೆ ಹೆಚ್ಚಾದರೆ ಜಪಾನಿನಲ್ಲಿ ದಂಡ ಹಾಕುತ್ತಾರೆ ಎಂಬ ಸಂದೇಶ ಅನೇಕರಿಗೆ ಬಂದಿರಬಹುದು. 2008ರ ಏಪ್ರಿಲ್‌ನಲ್ಲಿ ಜಾರಿಯಾದ ವ್ಯವಸ್ಥೆಯಲ್ಲಿ 40ರಿಂದ 74 ವಯಸ್ಸಿನವರ ತಪಾಸಣೆಯ ವೇಳೆ ಸೊಂಟ ಅಳೆಯುವುದು ನಿಜ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90 ಸೆಂಟಿಮೀಟರ್ ಮಿತಿ. ಮೀರಿದವರಿಗೆ, ಬೇರೆ ಅಪಾಯದ ಲಕ್ಷಣಗಳೂ ಇದ್ದರೆ, ಸಲಹೆ ಸಿಗುತ್ತದೆ. ವ್ಯಕ್ತಿಗೆ ದಂಡವಿಲ್ಲ. ಗುರಿ ಮುಟ್ಟದಿದ್ದರೆ ಹೊರೆ ಬೀಳುವುದು ವಿಮಾ ಸಂಸ್ಥೆಗಳ ಮೇಲೆ. ನೌಕರರಿಗೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ಹೊಣೆಯನ್ನೂ 1972ರ ಕಾನೂನು ಮಾಲೀಕನ ಮೇಲೆ ಹೊರಿಸಿದೆ. ಸೊಂಟಕ್ಕೆ ಪಟ್ಟಿ ಹಿಡಿಯುವುದು ನನಗೂ ಹಿತವೆನಿಸದು, ಅದರಿಂದ ಮುಜುಗರಪಡುವವರಿದ್ದಾರೆ. ಆದರೂ ತಪಾಸಣೆಯ ದಿನವನ್ನು ನೆನಪಿಡುವ ಕೆಲಸ ಅಲ್ಲಿ ಒಬ್ಬೊಬ್ಬರ ತಲೆಯ ಮೇಲೆ ಇಲ್ಲ ಎಂಬುದು ಮುಖ್ಯ.

ಫಿನ್ಲೆಂಡಿನ ಉತ್ತರ ಕರೇಲಿಯಾದ್ದು ಬೇರೆ ಬಗೆಯ ಜನ, ಬೇರೆ ಬಗೆಯ ಹೆಮ್ಮೆ. ಕಾಡು ಕಡಿಯುವ, ಹೈನು ಸಾಕುವ ಗಂಡಸರು. ರೊಟ್ಟಿಯ ಮೇಲೆ ದಪ್ಪನೆ ಬೆಣ್ಣೆ, ಕೊಬ್ಬು ತುಂಬಿದ ಹಂದಿಮಾಂಸ, ಕೈಯಲ್ಲಿ ಸಿಗರೇಟು. ತರಕಾರಿಯನ್ನು ದನದ ಮೇವಿಗೆ ಹೋಲಿಸುವವರಿದ್ದರು. 1960ರ ದಶಕದಲ್ಲಿ ಹೃದಯಾಘಾತದಿಂದ ಸಾಯುವ ಗಂಡಸರ ಪ್ರಮಾಣ ಅಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚಿನದಾಗಿತ್ತು. ಹಾಸನದ ಸುದ್ದಿಗೆ ನಾವು ಹೆದರಿದಂತೆ ಅವರೂ ಹೆದರಿದರು. ಆದರೆ ಆ ಹೆದರಿಕೆಯಲ್ಲಿ ಅವರು ಮಾಡಿದ್ದು ಬೇರೆ. 1971ರಲ್ಲಿ ಪ್ರಾಂತ್ಯದ ಪ್ರತಿನಿಧಿಗಳೆಲ್ಲ ಸಹಿ ಹಾಕಿ, ನಮಗೆ ಸಹಾಯ ಮಾಡಿ ಎಂದು ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಪೆಕ್ಕ ಪುಸ್ಕ ಎಂಬ ಯುವ ವೈದ್ಯನ ಮುಂದಾಳುತನದಲ್ಲಿ ಯೋಜನೆ ಆರಂಭವಾಯಿತು.

ಪುಸ್ಕ ತಂಡದವರು ಮಾರ್ಥಾ ಎಂಬ ಗೃಹಿಣಿಯರ ಸಂಘವನ್ನು ಜೊತೆಗೆ ಸೇರಿಸಿಕೊಂಡರು. 1899ರಲ್ಲಿ ಹುಟ್ಟಿದ, ಊರೂರಿನಲ್ಲೂ ಶಾಖೆ ಇದ್ದ ಸಂಘ ಅದು. ಆ ಹೆಂಗಸರು ಸೇರಿ ಕರೇಲಿಯಾದ ಹೆಸರುವಾಸಿ ಮಾಂಸದ ಅಡುಗೆಯನ್ನೇ ತಿದ್ದಿದರು. ಕೊಬ್ಬು ಕಡಿಮೆ, ಉಪ್ಪು ಕಡಿಮೆ, ಗೆಡ್ಡೆ ತರಕಾರಿ ಹೆಚ್ಚು. ಊರಿನವರನ್ನು ಕರೆದು ಒಟ್ಟಿಗೆ ಬಡಿಸಿದರು. ಹಬ್ಬದ ಅಡುಗೆ ಹಬ್ಬದ ಅಡುಗೆಯಾಗಿಯೇ ಉಳಿಯಿತು. ಬೆಣ್ಣೆ ಬಿಟ್ಟರೆ ಹೈನುಗಾರರ ಹೊಟ್ಟೆಪಾಡೇನು ಎಂಬ ಪ್ರಶ್ನೆ ಬಂದಾಗ, ಆ ಚಳಿ ಸೀಮೆಯಲ್ಲಿ ಚೆನ್ನಾಗಿ ಬೆಳೆಯುವ ಬೆರಿ ಹಣ್ಣುಗಳ ಕೃಷಿಗೆ ನೆರವು ಕೊಟ್ಟರು. ಕೊಲೆಸ್ಟೆರಾಲ್ ಇಳಿಸುವುದರಲ್ಲಿ ಹಳ್ಳಿ ಹಳ್ಳಿಗಳ ನಡುವೆ ಪೈಪೋಟಿಯನ್ನೂ ನಡೆಸಿದರು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು.

ಅಮೆರಿಕದ ದಾರಿ ಇವೆರಡಕ್ಕೂ ಎದುರು. ನಿನ್ನ ಮೈ ನಿನ್ನ ಹೊಣೆ, ಕಾಯಿಲೆ ಬಿದ್ದರೆ ತಪ್ಪೂ ನಿನ್ನದೇ ಎಂಬ ಭಾವನೆ ಅಲ್ಲಿ ಬಲವಾಗಿದೆ. ರಾಬರ್ಟ್ ಕ್ರಾಫರ್ಡ್ ಎಂಬ ವಿದ್ವಾಂಸ 1980ರಲ್ಲೇ ಇದಕ್ಕೆ ‘ಹೆಲ್ತಿಸಂ’ ಎಂದು ಹೆಸರು ಕೊಟ್ಟು ಎಚ್ಚರಿಸಿದ್ದರು: ಆರೋಗ್ಯವನ್ನು ಕೇವಲ ವ್ಯಕ್ತಿಯ ಸಂಕಲ್ಪದ ಪ್ರಶ್ನೆ ಮಾಡಿದರೆ, ಅವನ ಕೂಲಿ, ಮನೆ, ಕೆಲಸದ ಅವಧಿ ಎಲ್ಲವೂ ಮರೆಗೆ ಸರಿಯುತ್ತವೆ. ಈ ಮಾತನ್ನು ನಾನು ಬೆಂಗಳೂರಿಗಾಗಿ ನೆನಪಿಸುತ್ತಿದ್ದೇನೆ. ಹೆಜ್ಜೆ ಎಣಿಸುವ ಗಡಿಯಾರ, ಜಿಮ್, ವಾರ್ಷಿಕ ‘ಪ್ಯಾಕೇಜ್’ ತಪಾಸಣೆ, ಇವೆಲ್ಲ ಒಂದು ವರ್ಗದವರ ಮನೆಗೆ ಬಂದಾಗಿದೆ, ಬಂದದ್ದು ಒಳ್ಳೆಯದೇ. ಹಾಸನದಲ್ಲಿ ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರಿದ್ದರು. ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ಕೂತು, ರಸ್ತೆಬದಿ ತಿಂದು, ಸಾಲದ ಕಂತು ಕಟ್ಟುವವನಿಗೆ ‘ನಿನ್ನ ಆರೋಗ್ಯ ನೀನು ನೋಡಿಕೊಳ್ಳಬೇಕಿತ್ತು’ ಎನ್ನುವುದು ಅನ್ಯಾಯ. ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವ ಹೊತ್ತೇ ಅವನ ದುಡಿಮೆಯ ಹೊತ್ತು. ಬಿಪಿ ಅಳೆಸಲು ಅವನು ತೆರಬೇಕಾದ ಬೆಲೆ ಅರ್ಧ ದಿನದ ಬಾಡಿಗೆ.

ಕರ್ನಾಟಕದಲ್ಲಿ ಕೆಲಸ ಶುರುವಾಗಿಲ್ಲ ಎಂದಲ್ಲ. ಪುನೀತ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ಎದೆನೋವು ಬಂದವರಿಗೆ ತಾಲ್ಲೂಕು ಮಟ್ಟದಲ್ಲೇ ಮೊದಲ ಚಿಕಿತ್ಸೆ ಸಿಗುವಂತೆ ಮಾಡುವುದು ಅದರ ಉದ್ದೇಶ. ಅದು ಆಘಾತವಾದ ಮೇಲಿನ ಮಾತು. ಅದಕ್ಕೂ ಮೊದಲಿನ ಕೆಲಸಕ್ಕೆ 2024ರಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ ಇದೆ. ಮೂವತ್ತು ದಾಟಿದವರನ್ನು ಮನೆಬಾಗಿಲಲ್ಲೇ ಪರೀಕ್ಷಿಸಿ, ಬಿಪಿ, ಸಕ್ಕರೆ ಕಾಯಿಲೆ ಮುಂತಾದವನ್ನು ಗುರುತಿಸಿ ಔಷಧಿ ಕೊಡುವ ಯೋಜನೆ ಇದು. ದಿಕ್ಕು ಸರಿಯಾಗಿದೆ. ನನ್ನ ಆತಂಕ ಎರಡು. ಮೊದಲನೆಯದು, ಇಡೀ ಭಾರ ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ ಬೀಳುತ್ತದೆ. ಲಸಿಕೆ, ಬಸುರಿಯರ ದಾಖಲೆ, ಸಮೀಕ್ಷೆಗಳು, ಅದರ ಮೇಲೆ ಇದು. ಗೌರವಧನಕ್ಕಾಗಿ ಅವರು ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿ ಬಂದ ರಾಜ್ಯ ನಮ್ಮದು. ನಾಗಾನೊದ ಹಳ್ಳಿಯ ಹೆಂಗಸರು ಒಬ್ಬ ದಾದಿಯ ಸುಸ್ತನ್ನು ನೋಡಿ ಜೊತೆಗೆ ಬಂದರು. ನಮ್ಮಲ್ಲಿ ಸ್ತ್ರೀಶಕ್ತಿ ಗುಂಪುಗಳು, ಸ್ವಸಹಾಯ ಸಂಘಗಳು ಊರೂರಲ್ಲಿ ಇವೆ, ವಾರಕ್ಕೊಮ್ಮೆ ಸೇರುತ್ತವೆ, ಲೆಕ್ಕ ಬರೆಯುವ ಪುಸ್ತಕವಿದೆ. ಆ ಪುಸ್ತಕದಲ್ಲಿ ಬಿಪಿಗೊಂದು ಕಲಂ ಸೇರಿಸುವುದಕ್ಕೆ ಯಾವ ದೊಡ್ಡ ಖರ್ಚು ಬೇಕು?

ಎರಡನೆಯದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅದೇ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ನಾವು ತಿನ್ನುವುದು ಸುಮಾರು 8 ಗ್ರಾಂ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂದು ಹಾಡಿಕೊಂಡು ಬೆಳೆದವರು ನಾವು. ಎಲೆಯ ತುದಿಗೆ ಮೊದಲು ಬೀಳುವುದು ಉಪ್ಪು. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಇಲ್ಲದೆ ಊಟ ಮುಗಿಯುವುದಿಲ್ಲ. ಇದನ್ನು ‘ನೀವು ಬಿಡಿ’ ಎಂದು ಒಬ್ಬ ರೋಗಿಗೆ ಹೇಳಿ ಗೆಲ್ಲಲಾಗದು. ಪಾತ್ರೆಗೇ ಕಡಿಮೆ ಬೀಳಬೇಕು, ಅದೂ ಎಲ್ಲರ ನಾಲಿಗೆ ಒಗ್ಗಿಕೊಳ್ಳುವಷ್ಟು ನಿಧಾನವಾಗಿ. ಆ ಪಾತ್ರೆಯ ಮುಂದೆ ನಿಲ್ಲುವವಳು ಕೊನೆಗೆ ಉಣ್ಣುವ, ಡಬ್ಬಿಯ ತಳದಲ್ಲಿ ತನ್ನ ಮಾತ್ರೆ ಇಡುವ ಹೆಂಗಸು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಲ್ಲರ ಪಥ್ಯ ಬಲ್ಲವಳನ್ನು ಕೇಳುವವರಿಲ್ಲ. ಬಾಣಂತನ ಮುಗಿದ ದಿನದಿಂದ ಅವಳ ಮೈ ಅವಳೊಬ್ಬಳದೇ ಆಗಿಬಿಡುತ್ತದೆ.

ಕಳೆದ ತಿಂಗಳು ಮತ್ತೆ ದೊಡ್ಡಮ್ಮನ ಊರಿಗೆ ಹೋಗಿದ್ದೆ. ಎದುರು ಮನೆಯ ಜಗಲಿಯಲ್ಲಿ ಆಶಾ ಕಾರ್ಯಕರ್ತೆ ಬಂದು ಕೂತಿದ್ದರು. ಸುತ್ತ ನಾಲ್ಕೈದು ಹೆಂಗಸರು. ಒಬ್ಬರ ತೋಳಿನ ಪಟ್ಟಿ ಬಿಚ್ಚಿ ಇನ್ನೊಬ್ಬರಿಗೆ ಸುತ್ತುತ್ತಿದ್ದರು, ಅಂಕಿ ಎಷ್ಟು ಎಂದು ಎಲ್ಲರೂ ಬಗ್ಗಿ ನೋಡುತ್ತಿದ್ದರು. ‘ಬನ್ನಿ ಅಮ್ಮ, ನಿಮ್ಮದೂ ನೋಡೋಣ’ ಎಂದು ಅವರು ಕರೆದಾಗ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಕೂತರು. 158, 96. ಪಕ್ಕದವರದು ಅದಕ್ಕಿಂತ ಹೆಚ್ಚಿತ್ತು. ಇಬ್ಬರೂ ತುಸು ಹೊತ್ತು ಮಾತನಾಡಲಿಲ್ಲ.

ರಾತ್ರಿ ಬಿಸ್ಕತ್ತು ಡಬ್ಬಿ ತೆಗೆದು ನೋಡಿದೆ. ಹೊಸ ಹಾಳೆ ಬಂದಿತ್ತು. ದೊಡ್ಡಪ್ಪನ ಮಾತ್ರೆಯ ಜೊತೆಗೇ ರಬ್ಬರು ಬಳೆ ಹಾಕಿ ಇಟ್ಟಿದ್ದರು. ಲೆಕ್ಕ ನೋಡಿದರೆ ಮೂರು ದಿನದ ಮಾತ್ರೆ ನುಂಗದೆ ಉಳಿದಿದ್ದವು. ಊಟಕ್ಕೆ ಕೂತಾಗ ಸಾರು ಒಂದೇ ಪಾತ್ರೆಯಲ್ಲಿತ್ತು, ಎತ್ತಿಟ್ಟ ಲೋಟ ಕಾಣಲಿಲ್ಲ. ಸಾರು ಸಪ್ಪೆ ಎಂದು ದೊಡ್ಡಪ್ಪ ಉಪ್ಪಿನ ಬಟ್ಟಲಿಗೆ ಕೈ ಚಾಚಿದರು. ದೊಡ್ಡಮ್ಮ ಅದನ್ನು ಎತ್ತಿ ಒಲೆಯ ಪಕ್ಕದ ಗೂಡಿಗೆ ಇಟ್ಟು ಬಂದು, ಅವತ್ತು ನಮ್ಮ ಜೊತೆಗೇ ಉಣ್ಣಲು ಕೂತರು.